ಆರು ಭಾನುವಾರ, ಒಂದು ನೋ ಟ್ರಂಪ್: ವಿನೋಬನಗರದ ಬ್ರಿಡ್ಜ್ ಕ್ಲಾಸ್ ಹೇಗಿತ್ತು

ಮೊದಲೇ ಹೇಳಿಬಿಡುತ್ತೇನೆ, ನಾನು ಇಸ್ಪೀಟು ಕಲಿತದ್ದು ತೀರ್ಥಹಳ್ಳಿ ಹತ್ತಿರದ ಅಜ್ಜನ ಮನೆ ಜಗಲಿಯಲ್ಲಿ. ಆಡುತ್ತಿದ್ದದ್ದು ಇಪ್ಪತ್ತೆಂಟು. ಮಳೆ ಹಿಡಿದರೆ ವಾರಗಟ್ಟಲೆ ಬಿಡದ ಊರು. ತೋಟಕ್ಕೆ ಇಳಿಯುವ ಹಾಗಿಲ್ಲ, ಮತ್ತೇನು ಮಾಡುವುದು? ಇಪ್ಪತ್ತೆಂಟರಲ್ಲಿ ಗುಲಾಮನೇ ದೊಡ್ಡವನು, ಅವನಿಗೆ 3 ಪಾಯಿಂಟು. ಒಂಬತ್ತಕ್ಕೆ 2. ಎಕ್ಕಕ್ಕೂ ಹತ್ತಕ್ಕೂ ಒಂದೊಂದು. ರಾಜ, ರಾಣಿ ಸುಮ್ನೆ ಲೆಕ್ಕಕ್ಕೆ. ಈ ಲೆಕ್ಕ ತಲೆಯಲ್ಲಿ ಬೇರು ಬಿಟ್ಟವಳಿಗೆ ಐವತ್ತಾರನೇ ವಯಸ್ಸಿನಲ್ಲಿ ಬ್ರಿಡ್ಜ್ ಕಲಿಸುವುದು ಸುಲಭ ಅಲ್ಲ. ಎಕ್ಕ 4, ರಾಜ 3, ರಾಣಿ 2, ಗುಲಾಮ 1 ಅಂತ ಮೇಷ್ಟ್ರು ಬೋರ್ಡಿನ ಮೇಲೆ ಬರೆದಾಗ ಗುಲಾಮನಿಗೆ ಆದ ಅವಮಾನ ನನಗೇ ಆದ ಹಾಗಿತ್ತು.

ಕ್ಲಾಸ್ ನಡೆಯುವುದು ಶಿವಮೊಗ್ಗದ ವಿನೋಬನಗರದ ಒಂದು ಮನೆಯ ಮಹಡಿಯಲ್ಲಿ. ಬ್ಯಾಂಕಿನಿಂದ ನಿವೃತ್ತರಾದ ಮೇಷ್ಟ್ರೊಬ್ಬರು ನಡೆಸುತ್ತಾರೆ. ಆರು ಭಾನುವಾರ, ದಿನಕ್ಕೆ ಎರಡೂವರೆ ಗಂಟೆ, ತಲೆಗೆ 1800 ರೂಪಾಯಿ. ನಾನೂ ನಮ್ಮವರೂ ಜೋಡಿಯಾಗಿ ಸೇರಿದೆವು. ಈ ಬ್ಯಾಚಿನ ವಿಷಯ ಒಂದೇ: ಜೊತೆಗಾರ ‘ಒಂದು ನೋ ಟ್ರಂಪ್’ ಅಂತ ಶುರು ಮಾಡಿದರೆ ಎದುರು ಕೂತವರು ಏನು ಹೇಳಬೇಕು. ಇಷ್ಟಕ್ಕೆ ಆರು ವಾರ ಬೇಕಾ ಅಂತ ನಮ್ಮವರು ಗೊಣಗಿದರು. ಬೇಕು. ಇನ್ನೂ ಎರಡು ವಾರ ಇದ್ದಿದ್ದರೆ ಒಳ್ಳೆಯದಿತ್ತು.

ಬ್ರಿಡ್ಜ್ ಗೊತ್ತಿಲ್ಲದವರಿಗೆ ಒಂದು ಮಾತು. ನಾಲ್ಕು ಜನ ಎರಡು ಜೋಡಿಯಾಗಿ ಆಡುವ ಇಸ್ಪೀಟಾಟ ಇದು. ಯಾವುದು ತುರುಫು, ಎಷ್ಟು ಟ್ರಿಕ್ (ಗೆಲ್ಲುವ ಸುತ್ತು) ಅಂತ ಮೊದಲು ಸರದಿಯಂತೆ ಕರೆ ಹೇಳುತ್ತಾರೆ. ತುರುಫೇ ಇಲ್ಲದೆ ಆಡಿದರೆ ಅದು ನೋ ಟ್ರಂಪ್. ಒಂದು ನೋ ಟ್ರಂಪ್ ಅಂದರೆ ‘ನನ್ನ ಹತ್ತಿರ 15ರಿಂದ 17 ಪಾಯಿಂಟ್ ಇದೆ, ನಾಲ್ಕೂ ಜಾತಿಯ ಎಲೆಗಳು ಹೆಚ್ಚು ಕಡಿಮೆ ಸಮನಾಗಿವೆ’ ಅಂತ. ಹಾಗೆ ಹೇಳಿದವರು ತಮ್ಮ ಕೈಯನ್ನು ಅರ್ಧಕ್ಕಿಂತ ಜಾಸ್ತಿ ಬಿಚ್ಚಿಟ್ಟ ಹಾಗೇ. ಇನ್ನು ತೀರ್ಮಾನ ಎದುರಿನವರದ್ದು. ಮೇಷ್ಟ್ರು ಮೊದಲ ದಿನವೇ ಇದನ್ನು ಹಿಡಿದುಕೊಂಡರು. ‘ನೋ ಟ್ರಂಪ್ ಅಂದವರು ಡ್ರೈವರ್ ಅಷ್ಟೇ. ಬಸ್ಸು ಸಾಗರಕ್ಕೋ ಶಿಕಾರಿಪುರಕ್ಕೋ ಅನ್ನೋದು ಕಂಡಕ್ಟರ್ ಕೈಯಲ್ಲಿದೆ’ ಅಂದರು. ಅಲ್ಲಿಯವರೆಗೆ ನಮ್ಮ ಮನೆಯಲ್ಲಿ ಪದ್ಧತಿ ಹೇಗಿತ್ತು ಅಂದರೆ, ನಾನು ನೋ ಟ್ರಂಪ್ ಅಂದರೆ ಇವರು ಎಲೆ ನೋಡಿ, ಏಳಕ್ಕಿಂತ ಕಡಿಮೆ ಪಾಯಿಂಟಿದ್ದರೆ ‘ಪಾಸ್’ ಅಂದು ಕಷಾಯದ ಲೋಟ ಎತ್ತುತ್ತಿದ್ದರು.

ಅದು ಎಷ್ಟು ದೊಡ್ಡ ತಪ್ಪು ಅಂತ ಎರಡನೇ ವಾರ ಗೊತ್ತಾಯಿತು. ಆ ಒಂದು ಆಟಕ್ಕೇ ನನ್ನ 1800 ರೂಪಾಯಿ ವಸೂಲಾಯಿತು ಅಂತ ಈಗಲೂ ಹೇಳುತ್ತೇನೆ.

ನನ್ನ ಕೈಯಲ್ಲಿ ಇಸ್ಪೀಟಿನ ಎಕ್ಕ, ರಾಜ, ಆರು. ಆಟೀನಿನ ರಾಜ, ಏಳು, ಮೂರು. ಡೈಮನ್ ಎಕ್ಕ, ಎಂಟು, ನಾಲ್ಕು. ಕಳಾವರಿನ ರಾಣಿ, ಗುಲಾಮ, ಹತ್ತು, ಆರು. ಒಟ್ಟು 17. ‘ಒಂದು ನೋ ಟ್ರಂಪ್’ ಅಂದೆ. ಇವರ ಕೈ ಪೂರ್ತಿ ಬರಗಾಲ. ಆಟೀನಿನ ರಾಣಿ, ಗುಲಾಮ, ಎಂಟು, ಆರು, ನಾಲ್ಕು. ಉಳಿದದ್ದೆಲ್ಲ ಚಿಲ್ಲರೆ, ಒಂದೂ ಒಂಬತ್ತರ ಮೇಲಿಲ್ಲ. ಬರೀ 3 ಪಾಯಿಂಟ್. ಅಭ್ಯಾಸದಂತೆ ‘ಪಾಸ್’ ಅಂದರು. ಬ್ರಿಡ್ಜಿನ ಪದ್ಧತಿಯಂತೆ ಇವರ ಎಲೆಗಳು ಮೇಜಿನ ಮೇಲೆ ತೆರೆದುಕೊಂಡವು, ಎರಡೂ ಕೈ ನಾನೇ ಆಡಬೇಕು. ನಾನು ಆಟೀನಿನ ರಾಜ ಆಡಿದೆ. ಆಟೀನಿನ ಎಕ್ಕ ಇದ್ದ ಎದುರಾಳಿ ಮೇಡಂ ಅದನ್ನು ಹಾಕಲಿಲ್ಲ. ಎರಡನೇ ಸಲವೂ ತಡೆದು ಕೂತರು. ಮೂರನೇ ಸಲ ಎಕ್ಕ ಹಾಕಿದರು. ಅಷ್ಟೊತ್ತಿಗೆ ನನ್ನ ಕೈಯಲ್ಲಿ ಆಟೀನು ಖಾಲಿ. ಇವರ ಕೈಯಲ್ಲಿ ಗೆಲ್ಲುವ ಎರಡು ಆಟೀನು ಹಾಗೇ ಮೇಜಿನ ಮೇಲೆ ಮಲಗಿವೆ, ಅಲ್ಲಿಗೆ ಹೋಗಲು ದಾರಿಯೇ ಇಲ್ಲ. ಹೊಳೆಯ ಆಚೆ ದಡದಲ್ಲಿ ತೋಟ, ಸಂಕ ಮುರಿದುಹೋಗಿದೆ! ಏಳು ಟ್ರಿಕ್ ಬೇಕಿತ್ತು, ಆರೇ ಬಂತು.

ಮೇಷ್ಟ್ರು ಏನೂ ಹೇಳಲಿಲ್ಲ. ಅದೇ ಎಲೆಗಳನ್ನು ಮತ್ತೆ ಅದೇ ನಾಲ್ಕು ಜನಕ್ಕೆ ಜೋಡಿಸಿ ಕೊಟ್ಟರು. ‘ಈಗ ಆಟೀನು ತುರುಫು ಅಂತ ಆಡಿ’ ಅಂದರು. ಆಡಿದೆವು. ತುರುಫು ಆದ ಕೂಡಲೇ ಇವರ ಸಣ್ಣ ಆಟೀನುಗಳಿಗೆ ಜೀವ ಬಂತು. ಇಸ್ಪೀಟಿನ ಆರನ್ನು ಅಲ್ಲಿ ಕತ್ತರಿಸಿದೆ, ಆಚೆ ದಡಕ್ಕೆ ದಾರಿ ಸಿಕ್ಕಿತು. ಆಟೀನಿನಲ್ಲಿ ನಾಲ್ಕು, ಇಸ್ಪೀಟಿನಲ್ಲಿ ಎರಡು, ಡೈಮನ್ ಒಂದು, ಕಳಾವರ್ ಒಂದು. ಎಂಟು ಟ್ರಿಕ್. ಮೊದಲ ಸಲ ನಮಗೆ 50 ಅಂಕ ನಷ್ಟ, ಎರಡನೇ ಸಲ 110 ಅಂಕ ಲಾಭ. ಎಲೆ ಅದೇ, ಜನ ಅದೇ. ಕೈಯಲ್ಲಿ ಏನೂ ಇಲ್ಲ ಅಂತಲೇ ಮಾತಾಡಬೇಕು ಅನ್ನುವುದು ಇವರಿಗೆ ಅವತ್ತು ತಲೆಗೆ ಹೋಯಿತು.

ಆದರೆ ‘ಎರಡು ಆಟೀನು’ ಅಂತ ನೇರ ಹೇಳುವ ಹಾಗಿಲ್ಲ. ಆಟೀನು ಬೇಕಾದರೆ ‘ಎರಡು ಡೈಮನ್’ ಅನ್ನಬೇಕು, ಇಸ್ಪೀಟು ಬೇಕಾದರೆ ‘ಎರಡು ಆಟೀನು’. ನೋ ಟ್ರಂಪ್ ಅಂದವರು ಮುಂದಿನ ಜಾತಿಯನ್ನು ಹೇಳಲೇಬೇಕು. ಇದಕ್ಕೆ ಟ್ರಾನ್ಸ್‌ಫರ್ ಅಂತಾರೆ, ಓಸ್ವಾಲ್ಡ್ ಜೇಕೋಬಿ ಅನ್ನುವ ಅಮೆರಿಕದ ಆಟಗಾರನ ಹೆಸರಲ್ಲಿ ನಡೆಯುತ್ತದೆ. ಯಾಕೆ ಈ ಸುತ್ತುಬಳಸು? ಹಾಗೆ ಮಾಡಿದರೆ ದೊಡ್ಡ ಎಲೆಗಳಿರುವ ಕೈ ಮುಚ್ಚಿಕೊಂಡೇ ಇರುತ್ತದೆ, ಬಡ ಕೈ ಮೇಜಿನ ಮೇಲೆ ತೆರೆದುಕೊಳ್ಳುತ್ತದೆ. ಎದುರಾಳಿಗಳಿಗೆ ಕಾಣುವುದು ಬರೀ ಚಿಲ್ಲರೆ. ನಾನು ಅಂಚೆ ಕಚೇರಿಯ ಕೌಂಟರಿನಲ್ಲಿ ಕೂರುವವಳು, ನನಗೆ ಇದು ಕೇರ್ ಆಫ್ ವಿಳಾಸದ ಹಾಗೆ ಅರ್ಥವಾಯಿತು. ಮೇಲೆ ಡೈಮನ್ ಅಂತ ಬರೆದಿದ್ದರೂ ಕಾಗದ ಸೇರಬೇಕಾದ್ದು ಆಟೀನಿನ ಮನೆಗೆ.

ಮೂರನೇ ವಾರ ಸ್ಟೇಮನ್. ಎಂಟು ಅಥವಾ ಜಾಸ್ತಿ ಪಾಯಿಂಟಿದ್ದು, ಆಟೀನೋ ಇಸ್ಪೀಟೋ ನಾಲ್ಕೆಲೆ ಇದ್ದರೆ ‘ಎರಡು ಕಳಾವರ್’ ಅನ್ನುವುದು. ಇವರಿಗೆ ಇದು ಸುತರಾಂ ಒಪ್ಪಿಗೆಯಾಗಲಿಲ್ಲ. ‘ನನ್ ಹತ್ರ ಕಳಾವರ್ ಎರಡೇ ಇದೆ ಸಾರ್, ಸುಳ್ಳು ಹೇಳಿದ ಹಾಗಾಗಲ್ವಾ?’ ಅಂದರು. ‘ಸುಳ್ಳಲ್ಲ ಮಾರಾಯ್ರೆ, ಪ್ರಶ್ನೆ ಅದು. ನಿಮ್ಮಲ್ಲಿ ಆಟೀನೋ ಇಸ್ಪೀಟೋ ನಾಲ್ಕಿದೆಯಾ ಅಂತ ಮನೆಯವರನ್ನ ಕೇಳ್ತಾ ಇದ್ದೀರಿ’ ಅಂದರು ಮೇಷ್ಟ್ರು. ಇಲ್ಲದಿದ್ದರೆ ನಾನು ‘ಎರಡು ಡೈಮನ್’ ಅನ್ನಬೇಕು, ಇದ್ದರೆ ಇದ್ದ ಜಾತಿ. ಎರಡೂ ನಾಲ್ಕಿದ್ದರೆ ಮೊದಲು ಆಟೀನು. ತಮಾಷೆ ಅಂದರೆ ಸ್ಯಾಮ್ಯುಯೆಲ್ ಸ್ಟೇಮನ್ ಇದರ ಬಗ್ಗೆ 1945ರಲ್ಲಿ ಲೇಖನ ಬರೆದ, ಹೆಸರು ಅವನದಾಯಿತು. ಐಡಿಯಾ ಅವನ ಜೊತೆಗಾರ ಜಾರ್ಜ್ ರಪೀಯದು. ಜೋಡಿ ಆಟದಲ್ಲಿ ಇದೆಲ್ಲ ಮಾಮೂಲಿ, ನಮ್ಮ ಮನೆಯಲ್ಲೂ ಸಾರು ಮಾಡುವುದು ನಾನು, ಹೊಗಳಿಸಿಕೊಳ್ಳುವುದು ಇವರು.

ಪಾಯಿಂಟಿನ ಲೆಕ್ಕ ಸರಳವಾಗಿ ಕಲಿಸಿದರು. ಇಬ್ಬರದೂ ಸೇರಿ 25 ಆದರೆ ಗೇಮ್, ಅಂದರೆ ಬೋನಸ್ ಸಿಗುವಷ್ಟು ದೊಡ್ಡ ಕರೆ. ಹಾಗಾಗಿ 8–9 ಇದ್ದರೆ ‘ನಿಮ್ಮದು 17 ಇದೆಯಾ?’ ಅಂತ ಕೇಳಿ ನೋಡುವುದು, 10 ಇದ್ದರೆ ಸಂಕೋಚ ಬಿಟ್ಟು ಗೇಮಿಗೆ ಹೋಗುವುದು. ಹನ್ನೆರಡು ಟ್ರಿಕ್ಕಿನ ಸ್ಲಾಮ್‌ಗೆ 33 ಬೇಕು. ಇವರ ಹತ್ತಿರ 16 ಇದ್ದರೆ ನೇರ ‘ನಾಲ್ಕು ನೋ ಟ್ರಂಪ್’ ಅನ್ನುತ್ತಾರೆ. ಅದು ಎಕ್ಕ ಕೇಳಿದ್ದಲ್ಲ, ‘ನಿಮ್ಮದು 17 ಆದರೆ ಆರಕ್ಕೆ ಹೋಗಿ’ ಅಂತ ಕರೆದದ್ದು. ಎಕ್ಕ ಕೇಳಲು ‘ನಾಲ್ಕು ಕಳಾವರ್’, ಅದಕ್ಕೆ ಗರ್ಬರ್ ಅಂತ ಹೆಸರು. ಇದನ್ನು ಮೇಷ್ಟ್ರು ಹತ್ತು ನಿಮಿಷದಲ್ಲಿ ಮುಗಿಸಿಬಿಟ್ಟರು.

ಈಗ ಬೇಜಾರಿನ ವಿಷಯ. ಮಹಡಿಗೆ ತಗಡಿನ ಶೀಟು. ಜುಲೈ ತಿಂಗಳು. ಮಳೆ ಬಿದ್ದರೆ ಪಕ್ಕದವರ ಮಾತೂ ಕೇಳುವುದಿಲ್ಲ. ಬಿಡ್ಡಿಂಗ್ ಬಾಕ್ಸ್ (ಬಾಯಲ್ಲಿ ಹೇಳುವ ಬದಲು ತೋರಿಸುವ ಕರೆಯ ಕಾರ್ಡುಗಳ ಡಬ್ಬಿ) ಇರುವುದು ಮೂರು ಮೇಜಿಗೆ ಒಂದೇ ಸೆಟ್. ಉಳಿದವರು ಬಾಯಲ್ಲೇ ಹೇಳಬೇಕು. ‘ಎರಡು ಡೈಮನ್’ ಅಂದದ್ದು ‘ಮೂರು ಡೈಮನ್’ ಅಂತ ಕೇಳಿ ಒಂದು ಮೇಜಿನಲ್ಲಿ ಜಗಳವೇ ಆಯಿತು. 1800 ತೆಗೆದುಕೊಂಡ ಮೇಲೆ ಇನ್ನೆರಡು ಸೆಟ್ ತರಬಹುದಿತ್ತು. ಕೊಟ್ಟ ಹಾಳೆಗಳೂ ಜೆರಾಕ್ಸಿನ ಜೆರಾಕ್ಸು. ಆಟೀನಿನ ಗುರುತೂ ಇಸ್ಪೀಟಿನ ಗುರುತೂ ಒಂದೇ ಥರ ಕಪ್ಪು ಮುದ್ದೆ.

ಇದಕ್ಕಿಂತ ದೊಡ್ಡ ಕೊರತೆ ಒಂದಿದೆ. ಎದುರಾಳಿಗಳು ಸುಮ್ಮನಿರುತ್ತಾರೆ ಅಂತಲೇ ಇಡೀ ಕ್ಲಾಸ್ ನಡೆಯಿತು. ಅವರು ಮಧ್ಯ ಬಾಯಿ ಹಾಕಿ ‘ಎರಡು ಇಸ್ಪೀಟು’ ಅಂದುಬಿಟ್ಟರೆ ನಮ್ಮ ಸ್ಟೇಮನ್, ಟ್ರಾನ್ಸ್‌ಫರ್ ಎಲ್ಲ ಏನಾಗುತ್ತದೆ? ‘ಮುಂದಿನ ಬ್ಯಾಚಲ್ಲಿ ನೋಡೋಣ’ ಅಂದರು. ಎದುರಾಳಿಗಳು ಮುಂದಿನ ಬ್ಯಾಚಿನವರೆಗೆ ಕಾಯುತ್ತಾರಾ?

ಒಳ್ಳೆಯದನ್ನೂ ಹೇಳಬೇಕು. ಮಂಡಕ್ಕಿ ಖಾರ, ಕಷಾಯ ಧಾರಾಳ. ಗೋಡೆಯ ಮೇಲೆ ಒಂದು ಪೇಪರ್ ಕಟಿಂಗ್ ಇದೆ. 2018ರ ಜಕಾರ್ತಾ ಏಷ್ಯನ್ ಗೇಮ್ಸಿನಲ್ಲಿ ಬ್ರಿಡ್ಜಿಗೆ ಚಿನ್ನ ಗೆದ್ದ ಪ್ರಣಬ್ ಬರ್ಧನ್, ಶಿಬನಾಥ್ ಸರ್ಕಾರ್ ಅವರದ್ದು. ಬರ್ಧನ್ ಅವರಿಗೆ ಆಗ 60 ವರ್ಷ. ‘ಇಸ್ಪೀಟು ಆಡೋಕೆ ದುಡ್ಡು ಕೊಟ್ಟು ಹೋಗ್ತೀರಾ’ ಅಂದ ನಮ್ಮ ಅತ್ತೆಗೆ ಅದರ ಫೋಟೋ ತೆಗೆದುಕೊಂಡು ಹೋಗಿ ತೋರಿಸಿದೆ. ‘ಇವರ ಮನೇಲಿ ಅಡುಗೆ ಯಾರು ಮಾಡ್ತಾರೆ?’ ಅಂದರು.

ಐದನೇ ವಾರ ಏನಾಯಿತು ಅಂತಲೂ ಬರೆಯದಿದ್ದರೆ ಇದು ಪೂರ್ತಿ ವಿಮರ್ಶೆ ಆಗುವುದಿಲ್ಲ. ನಾನು ನೋ ಟ್ರಂಪ್ ಅಂದೆ. ಇವರು ಚೆನ್ನಾಗಿ ನೆನಪಿಟ್ಟುಕೊಂಡು ‘ಎರಡು ಆಟೀನು’ ಅಂದರು. ನಾನು ನನ್ನ ಮೂರು ಆಟೀನು ನೋಡಿ, ಪರವಾಗಿಲ್ಲ, ಸಾಕು ಅಂತ ‘ಪಾಸ್’ ಅಂದುಬಿಟ್ಟೆ. ಕೇರ್ ಆಫ್ ವಿಳಾಸ ನನಗೇ ಮರೆತುಹೋಗಿತ್ತು. ಇವರು ಎಲೆ ನೋಡುತ್ತಾ ಕೂತರು. ಕೈಯಲ್ಲಿ ಇಸ್ಪೀಟು ಆರು, ಆಟೀನು ಒಂದೇ ಒಂದು. ಇಬ್ಬರದೂ ಸೇರಿ ನಾಲ್ಕು ತುರುಫಿನಲ್ಲಿ ಎಂಟು ಟ್ರಿಕ್ ಮಾಡಬೇಕು. ನಾಲ್ಕು ಬಂತು.

ಮನೆಗೆ ಹೋಗುವಾಗ ಸ್ಕೂಟರಿನಲ್ಲಿ ಇವರು ಮಾತಾಡಲಿಲ್ಲ. ಆಲ್ಕೊಳ ಸರ್ಕಲ್ ಹತ್ತಿರ ಬಂದಾಗ ನಾನೇ ‘ರೀ, ಮಳೆ ಜೋರಾಗಿದೆ, ಸ್ವಲ್ಪ ನಿಲ್ಲಿಸಿ’ ಅಂದೆ. ‘ಪಾಸ್’ ಅಂದರು.

ಐದರಲ್ಲಿ ನಾಲ್ಕು ಸ್ಟಾರ್ ಕೊಡುತ್ತೇನೆ. ಒಂದನ್ನು ಹಿಡಿದುಕೊಂಡಿದ್ದು ಬಿಡ್ಡಿಂಗ್ ಬಾಕ್ಸಿಗೆ. ದಸರಾ ಕಳೆದ ಮೇಲೆ ಮುಂದಿನ ಬ್ಯಾಚಂತೆ, ಆಗ ಶೀಟಿನ ಮೇಲೆ ಮಳೆಯ ಕಾಟವೂ ಕಡಿಮೆ. ಗಂಡ ಹೆಂಡತಿ ಜೋಡಿಯಾಗಿ ಸೇರುವುದಾದರೆ ಎರಡು ಗಾಡಿಯಲ್ಲಿ ಹೋಗಿ.