ಬಾಲವಿಕಾಸ ಸಮಿತಿಯೋ, ಮಕ್ಕಳ ಗ್ರಾಮಸಭೆಯೋ?

ಊರಿನ ಮಕ್ಕಳಿಗೆ ಏನಾದರೂ ಮಾಡಬೇಕು ಅಂತ ನಾಲ್ಕು ಜನ ಸೇರಿದ್ದೀರಿ. ಕೊಪ್ಪಳ ಕಡೆಯ ನಮ್ಮ ಹಳ್ಳಿಗಳಲ್ಲಿ ಇದಕ್ಕೆ ಎರಡು ದಾರಿ ಇವೆ.

ಅಂಗನವಾಡಿಯ ಬಾಲವಿಕಾಸ ಸಮಿತಿ ಚಿಕ್ಕದು, ಹತ್ತಿರದ್ದು. ತಾಯಂದಿರು, ಕಾರ್ಯಕರ್ತೆ ಒಂದೇ ಚಾಪೆ ಮೇಲೆ ಕೂರುತ್ತಾರೆ. ಮಗುವಿನ ತೋಳಿಗೆ ಅಳತೆ ಪಟ್ಟಿ ಸುತ್ತಿದಾಗ 11.5 ಸೆಂ.ಮೀ.ಗಿಂತ ಕಡಿಮೆ ಬಂದು ಕೆಂಪು ಕಂಡರೆ ಅದು ತೀವ್ರ ಅಪೌಷ್ಟಿಕತೆ. ಆಗ ಸಭೆಗೆ ಕಾಯಬೇಡಿ, ಅವತ್ತೇ ಆಸ್ಪತ್ರೆಗೆ ಕಳಿಸಿ. ಸಮಿತಿ ಕೂತು ಮಾತಾಡಬೇಕಾದ್ದು ಬೇರೆಯೇ ಇದೆ. ಅವ್ವ ಆ ಮಗುವಿನ ಜೊತೆ ಎರಡು ವಾರ ಆಸ್ಪತ್ರೆಯ ಪೌಷ್ಟಿಕ ಪುನಶ್ಚೇತನ ಕೇಂದ್ರದಲ್ಲಿ ಉಳಿದರೆ, ಮನೆಯಲ್ಲಿರುವ ಮಕ್ಕಳಿಗೆ ರೊಟ್ಟಿ ಬಡಿಯುವವರು ಯಾರು? ಇದನ್ನು ಕೇಳದೆ ಸುಮ್ನೆ ಕಳಿಸಿದರೆ ತಾಯಿ ಅರ್ಧಕ್ಕೇ ವಾಪಸ್ ಬರುತ್ತಾಳೆ.

ಮಕ್ಕಳ ಗ್ರಾಮಸಭೆ ಪಂಚಾಯಿತಿಯದು, ವರ್ಷಕ್ಕೊಮ್ಮೆ. ಕುಡಿಯುವ ನೀರು, ಶೌಚಾಲಯ, ಶಾಲೆ ಕಾಂಪೌಂಡ್ ಹೀಗೆ ದುಡ್ಡು ಬೇಕಾದ ಮಾತಿಗೆ ಇದೇ ಸರಿ. ನಡಾವಳಿ ಪುಸ್ತಕದಲ್ಲಿ ಬರೆಸಿಯೇ ಏಳಿ.

ಗುಳೆ ಹೋದವರ ಮಕ್ಕಳ ವಿಷಯಕ್ಕೆ ನಾನಾದರೆ ಸಮಿತಿಯಿಂದಲೇ ಶುರು ಮಾಡುತ್ತೇನೆ. ಯಾರ ಕೂಸು ಅಜ್ಜಿ ಹತ್ತಿರ ಉಳಿದಿದೆ ಅನ್ನೋದು ಅಲ್ಲಿನವರಿಗೇ ಜಾಸ್ತಿ ಗೊತ್ತು, ಅಲ್ವಾ? ಆ ಪಟ್ಟಿ ಹಿಡಿದು ಗ್ರಾಮಸಭೆಗೆ ಹೋಗಿ. ಬಾಲ್ಯವಿವಾಹದ ಸುಳಿವು ಸಿಕ್ಕರೆ ಮಾತ್ರ ಎರಡಕ್ಕೂ ಕಾಯದೆ ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿ.