ರಾಯಚೂರಿನ ಬೇಸಿಗೆ, ತೀರ್ಥಹಳ್ಳಿಯ ಮಳೆ, ನಾಲ್ಕು ಬೆಡ್‌ಶೀಟು

ನನ್ನ ತವರು ರಾಯಚೂರು. ಗಂಡನ ಮನೆ ತೀರ್ಥಹಳ್ಳಿ ಹತ್ತಿರ. ನಾವಿರುವುದು ಬೆಂಗಳೂರು. ಹಾಗಾಗಿ ಒಂದೇ ವರ್ಷದಲ್ಲಿ ಮೂರು ಥರದ ಹವೆಯಲ್ಲಿ ಮಲಗುತ್ತೇನೆ. ಕಳೆದ ವರ್ಷ ನಾಲ್ಕು ಡಬಲ್ ಬೆಡ್‌ಶೀಟ್ ಹೊತ್ತುಕೊಂಡು ಊರೂರು ತಿರುಗಿದೆ: ಕೈಮಗ್ಗದ ಹತ್ತಿ, 210 ಥ್ರೆಡ್ ಕೌಂಟಿನ (ಒಂದು ಚದರ ಇಂಚಿನ ನೂಲಿನ ಲೆಕ್ಕ) ಸಾದಾ ನೇಯ್ಗೆಯ ಪರ್ಕೇಲ್, 400ರ ಹೊಳಪಿನ ಸ್ಯಾಟೀನ್, ಮೈಕ್ರೋಫೈಬರ್. 'ಏನು, ಬೆಡ್‌ಶೀಟ್ ಅಂಗಡಿ ಇಡ್ತೀಯಾ?' ಅಂತ ಮನೆಯವರು ನಕ್ಕರು.

ಮೇ ತಿಂಗಳ ರಾಯಚೂರಿನಲ್ಲಿ ರಾತ್ರಿ ಹತ್ತಾದರೂ ಗೋಡೆ ಮುಟ್ಟಿದರೆ ಬಿಸಿ. ಮೊದಲ ರಾತ್ರಿ ಮೈಕ್ರೋಫೈಬರ್ ಹಾಸಿದೆ. ಮುಟ್ಟಲು ಬೆಣ್ಣೆಯಂತಿತ್ತು. ಅರ್ಧ ಗಂಟೆಯಲ್ಲಿ ಬೆನ್ನು ಅಂಟತೊಡಗಿತು. ಎದ್ದು ಕೈಯಾಡಿಸಿದರೆ ಬಟ್ಟೆ ಬೆವರನ್ನು ಕುಡಿದೇ ಇಲ್ಲ, ಎಲ್ಲಾ ನನ್ನ ಮೈಮೇಲೇ ಇತ್ತು. 'ಇದೇನ್ ಪ್ಲಾಸ್ಟಿಕ್ ಹಾಸೀಯವ್ವ, ತಗಿ ಮದ್ಲ' ಅಂದಳು ಅವ್ವ. ಅವಳ ಮಾತು ನಿಜವೇ. ಮೈಕ್ರೋಫೈಬರ್ ಅಂದರೆ ಸಾಮಾನ್ಯವಾಗಿ ತೀರಾ ಸಣ್ಣ ಎಳೆಯ ಪಾಲಿಯೆಸ್ಟರ್. ಹತ್ತಿ ಮಾಮೂಲಿ ಹವೆಯಲ್ಲೇ ತನ್ನ ತೂಕದ ಶೇ 7–8ರಷ್ಟು ತೇವ ಹೀರಿಕೊಂಡಿರುತ್ತದೆ. ಪಾಲಿಯೆಸ್ಟರ್ ಹೀರುವುದು ಶೇ 0.4ರಷ್ಟು ಮಾತ್ರ.

ನನಗೆ ಆಶ್ಚರ್ಯವಾಗಿದ್ದು ಸ್ಯಾಟೀನ್. ಅದೂ ಅಪ್ಪಟ ಹತ್ತಿಯೇ, ನಾಲ್ಕರಲ್ಲಿ ಅದಕ್ಕೇ ಜಾಸ್ತಿ ದುಡ್ಡು ಕೊಟ್ಟಿದ್ದು. ಆದರೂ ಸೆಕೆ. ಕಾರಣ ನೇಯ್ಗೆಯಲ್ಲಿದೆ. ಪರ್ಕೇಲ್‌ನದು ಸಾದಾ ನೇಯ್ಗೆ: ಅಡ್ಡಕ್ಕೆ ಓಡುವ ಹೊಕ್ಕಿನ ನೂಲು ಉದ್ದಕ್ಕಿರುವ ಒಂದು ಹಾಸಿನ ನೂಲಿನ ಮೇಲೆ, ಮುಂದಿನದರ ಕೆಳಗೆ ಹೋಗುತ್ತದೆ. ಸ್ಯಾಟೀನ್‌ನಲ್ಲಿ ಅದು ನಾಲ್ಕರ ಮೇಲೆ ಹಾರಿ ಒಂದರ ಕೆಳಗೆ ನುಗ್ಗುತ್ತದೆ. ಅದಕ್ಕೇ ಆ ಹೊಳಪು, ಆ ನುಣುಪು. ನೂಲುಗಳನ್ನು ಒತ್ತೊತ್ತಾಗಿ ಕೂರಿಸುವುದರಿಂದ ಗಾಳಿಯಾಡುವುದು ಮಾತ್ರ ಕಡಿಮೆ.

ಥ್ರೆಡ್ ಕೌಂಟ್ ಅಂದರೆ ಒಂದು ಚದರ ಇಂಚಿನಲ್ಲಿರುವ ಹಾಸು, ಹೊಕ್ಕು ಎರಡೂ ಸೇರಿದ ನೂಲಿನ ಲೆಕ್ಕ. ಕೆಲವು ಕಂಪನಿಗಳು ಎರಡೆಳೆ ಹುರಿ ಮಾಡಿದ ಒಂದು ನೂಲನ್ನು ಎರಡು ಅಂತ ಎಣಿಸುತ್ತವೆ. ಹಾಗೆ 300 ಇದ್ದದ್ದು 600 ಆಗುತ್ತದೆ! ಪೊಟ್ಟಣದ ಮೇಲೆ 1000 ಅಂತ ಕಂಡರೆ ನಾನು ಈಗ ಮುಂದೆ ಹೋಗುತ್ತೇನೆ.

ಕೈಮಗ್ಗದ್ದನ್ನು ಮಾಳಿಗೆ ಮೇಲೆ, ಜಮಖಾನದ ಮೇಲೆ ಹಾಸಿ ಮಲಗಿದೆ. ಮೊದಲ ವಾರ ಗೋಣಿಚೀಲದ ಹಾಗೆ ಒರಟು. ಕೆಂಪು ಅಂಚು ಬಣ್ಣ ಬಿಟ್ಟು ಅಪ್ಪನ ಬನಿಯನ್ ಗುಲಾಬಿ ಆಯಿತು. ಅಳೆದು ನೋಡಿದರೆ 100 ಇಂಚಿನ ಉದ್ದ ಒಂದೇ ಒಗೆತಕ್ಕೆ 96ಕ್ಕೆ ಇಳಿದಿತ್ತು. ಹಾಸಿಗೆಯ ಅಡಿಗೆ ಸಿಕ್ಕಿಸಲು ಬಟ್ಟೆಯೇ ಸಾಲದು. ಇಷ್ಟೆಲ್ಲಾ ಬೈದರೂ, ಬೇಸಿಗೆಯಲ್ಲಿ ಅದರ ಮುಂದೆ ಬೇರೆ ಯಾವುದೂ ಇಲ್ಲ. ಅದು ಮೈಗೆ ಅಂಟಿಕೊಳ್ಳುವುದೇ ಇಲ್ಲ. ಐದಾರು ಒಗೆತವಾದ ಮೇಲೆ ಹಳೇ ಸೀರೆಯಷ್ಟು ಮೆತ್ತಗಾಯಿತು.

ಜುಲೈನಲ್ಲಿ ತೀರ್ಥಹಳ್ಳಿಗೆ ಹೋದಾಗ ಈ ಲೆಕ್ಕ ತಲೆಕೆಳಗಾಯಿತು. ಅಲ್ಲಿ ಮಲಗುವುದಕ್ಕಿಂತ ಒಣಗಿಸುವುದೇ ದೊಡ್ಡ ಸಮಸ್ಯೆ. ಕೈಮಗ್ಗದ್ದನ್ನು ಒಗೆದು ಜಗಲಿಯ ತಂತಿಗೆ ಹಾಕುತ್ತಿದ್ದೆ. ಅತ್ತೆ ನೋಡಿ, 'ಈ ಮಳೇಲಿ ಅದನ್ನ ಒಗೆದ್ಯಾ ಮಾರಾಯ್ತಿ? ದೀಪಾವಳಿಗೆ ಒಣಗುತ್ತೆ ಬಿಡು' ಅಂದರು. ಮೂರನೇ ದಿನವೂ ಅಂಚು ತಣ್ಣಗೆ ಹಸಿ, ಮೇಲೆ ಮುಗ್ಗಲು ವಾಸನೆ. ಕೊನೆಗೆ ಬಚ್ಚಲೊಲೆಯ ಮೇಲಿನ ಗಳಕ್ಕೆ ಹಾಕಿ ಒಣಗಿಸಿದೆವು. ಆಮೇಲೆ ಒಂದು ವಾರ ಹೊಗೆ ವಾಸನೆ ಹೊದ್ದು ಮಲಗಿದ ಹಾಗಾಯಿತು. ಪರ್ಕೇಲ್‌ಗೆ ಎರಡು ದಿನ ಹಿಡಿಯಿತು. ಸ್ಯಾಟೀನ್ ಒಗೆಯುವ ಧೈರ್ಯ ಮಾಡಲಿಲ್ಲ.

ಮೈಕ್ರೋಫೈಬರ್? ಬೆಳಿಗ್ಗೆ ಹಾಕಿದ್ದು ಸಂಜೆಗೆ ಗರಿಗರಿ. ನೀರು ಎಳೆಯೊಳಗೆ ಇಳಿಯುವುದಿಲ್ಲವಲ್ಲ, ಹಿಂಡಿದರೆ ಬಹುಪಾಲು ಹೋಗಿಬಿಡುತ್ತದೆ. ಅಲ್ಲಿನ ಮಳೆಗಾಲದ ರಾತ್ರಿ ತಣ್ಣಗಿರುವುದರಿಂದ ಬೆವರಿನ ಕಾಟವೂ ಇಲ್ಲ. ರಾಯಚೂರಿನಲ್ಲಿ ಬೈದು ಮಡಚಿಟ್ಟದ್ದನ್ನು ಇಲ್ಲಿ ನಾನೇ ಹುಡುಕಿ ಹಾಸಿದೆ. ಒಪ್ಪಿಕೊಳ್ಳಲು ಸ್ವಲ್ಪ ಕಷ್ಟವಾಯಿತು, ಆದರೆ ಮಲೆನಾಡಿನ ಮಳೆಗೆ ಅದೇ ಸರಿ.

ಬೆಂಗಳೂರಿನ ಡಿಸೆಂಬರ್ ಬಗ್ಗೆ ಹೇಳುವುದು ಹೆಚ್ಚಿಲ್ಲ. ಸ್ಯಾಟೀನ್ ಮಲಗಿದ ಕೂಡಲೇ ಬೆಚ್ಚಗೆನಿಸುತ್ತದೆ, ಪರ್ಕೇಲ್ ಮೊದಲ ಐದು ನಿಮಿಷ ಚಳಿ ಹುಟ್ಟಿಸುತ್ತದೆ. ಒಣ ಹವೆಯಲ್ಲಿ ಮೈಕ್ರೋಫೈಬರ್ ಮೇಲೆ ಉಣ್ಣೆ ಹೊದಿಕೆ ಹಾಕಿ ಕತ್ತಲಲ್ಲಿ ಎಳೆದರೆ ಚಟಚಟ ಕಿಡಿ. ಮಗಳಿಗೆ ಅದೇ ಆಟ. ಹೊದೆಯಲು ಮಾತ್ರ ಅವ್ವ ಹಳೇ ಸೀರೆ ಪದರ ಹಾಕಿ ಹೊಲಿದ ಕೌದಿ ಇರುವಾಗ ಬೇರೆ ಯಾವುದೂ ಬೇಕೆನಿಸಿಲ್ಲ. ಲಿನನ್ ಯಾಕೆ ನೋಡಲಿಲ್ಲ ಅಂತ ಕೇಳಬೇಡಿ, ಬೆಲೆ ಕೇಳಿಯೇ ವಾಪಸ್ ಬಂದೆ.

ಮೂರೂ ಊರಿಗೆ ಒಂದೇ ಬೇಕು ಅನ್ನುವವರಿಗೆ ನಾನು ಪರ್ಕೇಲ್ ಹೇಳುತ್ತೇನೆ. ಎಲ್ಲೂ ಮೊದಲು ಬರಲಿಲ್ಲ, ಎಲ್ಲೂ ಕೈಕೊಡಲೂ ಇಲ್ಲ. ಇಸ್ತ್ರಿ ಮಾತ್ರ ಕೇಳುತ್ತದೆ.

ಅಂದ ಹಾಗೆ, ಇದಕ್ಕೂ ಮೊದಲು 'ಪ್ಯೂರ್ ಕಾಟನ್' ಅಂತ ಒಂದು ಅಂಗಡಿಯಲ್ಲಿ ಐದನೆಯದೊಂದನ್ನು ಕೊಂಡಿದ್ದೆ. ಎರಡು ತಿಂಗಳಲ್ಲಿ ಮೈತುಂಬ ಸಣ್ಣ ಸಣ್ಣ ಗಂಟು ಎದ್ದಿತು. ಅನುಮಾನ ಬಂದು ಒಂದು ಎಳೆ ಕಿತ್ತು ಬೆಂಕಿಗೆ ಹಿಡಿದೆ. ಹತ್ತಿಯಾದರೆ ಸುಟ್ಟ ಕಾಗದದ ವಾಸನೆ ಬಂದು, ಉದುರುವ ಬೂದಿಯಾಗಬೇಕು. ಇದು ಕರಗಿ ಸಾಸಿವೆಯಂಥ ಕರಿ ಉಂಡೆಯಾಯಿತು. ಆ ಬೆಡ್‌ಶೀಟ್ ಈಗ ಸ್ಕೂಟರ್ ಮೇಲಿದೆ. ಮಳೆಯಲ್ಲಿ ನೆನೆದರೂ ಬೇಗ ಒಣಗುತ್ತದೆ.