ಟೈಮರ್ ಒಂದನ್ನೇ ನಂಬಿದರೆ ಒಂದೇ ಚೀಲ ಎರಡು ಸಲ ಏರುತ್ತೆ

ಕೀಪ್ಯಾಡ್ ಇರೋ ಆಂಡ್ರಾಯ್ಡ್ ಹ್ಯಾಂಡ್‌ಹೆಲ್ಡ್‌ಗೆ ತೂಕದ ಆ್ಯಪ್ ಬರೆಯುವವರು ಒಂದೇ ನಮೂದು ಎರಡು ಸಲ ಬೀಳೋದನ್ನು ತಡೆಯೋದು ಹೇಗೆ ಅಂತ ಮೆಕ್ಕೆಜೋಳದ ಸೀಸನ್‌ಗೆ ಮುಂಚೆಯೇ ಓದಿಕೊಳ್ಳಿ.

ದಾವಣಗೆರೆಯ ಒಂದು ದಲಾಲಿ ಅಂಗಡಿ. ಚೀಲ ಕಾಟಾ ಏರಿದಂತೆ ಗುಮಾಸ್ತರು ತೂಕ ಒತ್ತಿ ಎಂಟರ್ ಹೊಡೆಯುತ್ತಿದ್ದರು. ಸಂಜೆ ನೋಡಿದರೆ ಚೀಲಕ್ಕಿಂತ ಏಳು ನಮೂದು ಹೆಚ್ಚು. ಲಾಗ್ (ಯಾವ ಕ್ಷಣಕ್ಕೆ ಏನು ಬಂತು ಅನ್ನೋ ದಾಖಲೆ) ತೆಗೆದಾಗ 58.4 ಎರಡು ಸಲ, ನಡುವೆ 11 ಮಿಲಿಸೆಕೆಂಡ್. ಇನ್ನೊಂದು ಜೋಡಿಯ ನಡುವೆ 50, ಮತ್ತೊಂದರ ನಡುವೆ 1,800. ಕಾಯಿಲೆ ಒಂದಲ್ಲ, ಮೂರು.

ಆ್ಯಪ್ ಬರೆದವರು ಕೊಟ್ಟಿದ್ದು ಒಂದೇ ಮದ್ದು: 300 ಮಿಲಿಸೆಕೆಂಡ್ ಒಳಗೆ ಅದೇ ಕೀ ಮತ್ತೆ ಬಂದರೆ ಬಿಸಾಕು. ಕೈ ಚುರುಕಿದ್ದವರು 55.2 ಒತ್ತಿದರೆ ಈಗ 5.2 ಬಿತ್ತು. 1,800ರ ಜೋಡಿ ಹಾಗೇ ಉಳಿಯಿತು. ಮರುದಿನವಂತೂ ಯಾವ ಕೀಯೂ ಕೆಲಸ ಮಾಡಲಿಲ್ಲ. ನೆಟ್‌ವರ್ಕ್ ಸಿಕ್ಕೊಡನೆ ಗಡಿಯಾರ 20 ನಿಮಿಷ ಹಿಂದಕ್ಕೆ ಸರಿದಿತ್ತು; ಹಿಂದಿನ ಒತ್ತಿಗೂ ಈಗಿನದಕ್ಕೂ ವ್ಯತ್ಯಾಸ ಮೈನಸ್ ಬಂತು, ಮೈನಸ್ ಅಂದರೆ 300ಕ್ಕಿಂತ ಕಡಿಮೆ, ಒತ್ತಿದ್ದೆಲ್ಲ ಕಸದಬುಟ್ಟಿಗೆ. ಯಂತ್ರದ ಗಡಿಯಾರ ತೋರಿಸೋ ಸಮಯ ಇಲ್ಲಿ ಬಳಸಲೇಬಾರದು. ಕೀ ಈವೆಂಟ್ (ಕೀ ಒತ್ತಿದಾಗ ಆಂಡ್ರಾಯ್ಡ್ ಆ್ಯಪ್‌ಗೆ ಕೊಡೋ ಸುದ್ದಿ) ಜೊತೆಗೇ ಬರುವ ಸಮಯ ತಗೊಳ್ಳಿ, ಅದು ಹಿಂದಕ್ಕೆ ಹೋಗಲ್ಲ.

11 ಅನ್ನೋದು ಕೀಯೊಳಗಿನ ಲೋಹದ ಅದುರಾಟ. ಜೋಳದ ಧೂಳು ಹೊಕ್ಕರೆ ಹೆಚ್ಚುತ್ತೆ. ಅದೇ ಕೀ ಮೇಲೆದ್ದ ಕ್ಷಣದಿಂದ 25 ಮಿಲಿಸೆಕೆಂಡ್ ಒಳಗೆ ಮತ್ತೆ ಬಂದರೆ ಬಿಸಾಕಿ, ಲೆಕ್ಕ ಪ್ರತಿ ಕೀಗೂ ಬೇರೆ ಬೇರೆ. ಅಷ್ಟರಲ್ಲಿ ಅದುರಾಟ ನಿಲ್ಲದಿದ್ದರೆ ಕೀಪ್ಯಾಡ್ ಬದಲಿಸಿ, ಅಂಕಿ ಏರಿಸಬೇಡಿ.

50 ಅಂದರೆ ಬೆರಳು ಎತ್ತಿಲ್ಲ, ಆಂಡ್ರಾಯ್ಡ್ ತಾನೇ ಕೀ ಕಳಿಸುತ್ತಿದೆ. ರಿಪೀಟ್ ಕೌಂಟ್ (ಒತ್ತಿ ಹಿಡಿದ ಕೀ ಎಷ್ಟನೇ ಸಲ ಮರುಕಳಿಸಿದೆ ಅನ್ನೋ ಲೆಕ್ಕ) ಸೊನ್ನೆ ಇಲ್ಲದಿದ್ದರೆ ಎಂಟರ್ ತಿರಸ್ಕರಿಸಿ. ಅಳಿಸುವ ಕೀಗೆ ಮಾತ್ರ ಬಿಡಿ, ಅಲ್ಲಿ ಅದು ಬೇಕು.

ನಿಜವಾದ ತಲೆನೋವು 1,800. ಪರದೆ ಅಲುಗಾಡಲಿಲ್ಲ, ಗುಮಾಸ್ತರು ಮತ್ತೆ ಒತ್ತಿದರು. ಇದರಲ್ಲಿ ಅವರದೇನೂ ತಪ್ಪಿಲ್ಲ. ಸರ್ವರ್ ಉತ್ತರ ಬರೋವರೆಗೆ ಬಟನ್ ಮುಚ್ಚಿಟ್ಟರೂ ಪ್ರಯೋಜನವಿಲ್ಲ: ಮುಖ್ಯ ಥ್ರೆಡ್ (ಪರದೆ, ಕೀ ಎರಡನ್ನೂ ನೋಡಿಕೊಳ್ಳೋ ಆ್ಯಪ್‌ನ ಭಾಗ) ಕಟ್ಟಿಕೊಂಡಿದ್ದಾಗ ಒತ್ತಿದ ಕೀಗಳು ಸಾಲಲ್ಲಿ ಕಾದಿದ್ದು, ಬಟನ್ ತೆರೆದೊಡನೆ ನುಗ್ಗುತ್ತವೆ. ಎಂಟರ್ ಬಿದ್ದ ಕೂಡಲೇ ತೂಕದ ಜಾಗ ಖಾಲಿ ಮಾಡಿ, ಬೀಪ್ ಕೊಡಿ, ಕಳಿಸೋ ಕೆಲಸ ಹಿನ್ನೆಲೆಗೆ ತಳ್ಳಿ. ಖಾಲಿ ಜಾಗದ ಎಂಟರ್‌ಗೆ ಬೆಲೆಯಿಲ್ಲ ಅಂತ ಬರೆದುಬಿಡಿ. ಈ 1,800ರ ಕಾಯಿಲೆಗೆ ಟೈಮರೇ ಬೇಡ.

ಕಳಿಸುವಾಗ ಸಿಗ್ನಲ್ ಕಡಿದು ಆ್ಯಪ್ ಮತ್ತೆ ಕಳಿಸುತ್ತಲ್ಲ, ಅದಕ್ಕೆ ಪ್ರತಿ ಚೀಲಕ್ಕೂ ಒಂದು ಗುರುತಿನ ಸಂಖ್ಯೆ ಇರಲಿ, ಡೇಟಾಬೇಸ್‌ನಲ್ಲಿ ಅದು ಯೂನಿಕ್ ಆಗಿರಲಿ, ಅಂದರೆ ಅದೇ ಸಂಖ್ಯೆ ಎರಡನೇ ಸಲ ಬಂದರೆ ಒಳಗೆ ಬಿಡಬಾರದು. ಅದು ಹುಟ್ಟಬೇಕಾದ್ದು ಖಾಲಿ ನಮೂನೆ ತೆರೆದಾಗ. ಎಂಟರ್ ಒತ್ತಿದಾಗ ಹುಟ್ಟಿಸಿದರೆ ಎರಡು ಒತ್ತಿಗೆ ಎರಡು ಸಂಖ್ಯೆ, ಮತ್ತದೇ ಕಥೆ. ತೂಕ ಒಂದೇ ಇದೆ ಅಂತ ನಮೂದು ಅಳಿಸೋಕಂತೂ ಹೋಗಬೇಡಿ, 58.4ರ ಚೀಲ ಎರಡು ಇರಬಹುದು, ರೈತನ ದುಡ್ಡು ಹೋಗುತ್ತೆ.

ಯಂತ್ರ ಕೈಗೆ ಕೊಡೋ ಮುಂಚೆ ಎಂಟರ್ ಮೂರು ಸೆಕೆಂಡ್ ಒತ್ತಿ ಹಿಡಿಯಿರಿ, ಏರೋಪ್ಲೇನ್ ಮೋಡ್‌ನಲ್ಲಿ ಐದು ಸಲ ಒತ್ತಿ, ಆ್ಯಪ್ ತೆರೆದಿದ್ದಾಗಲೇ ಗಡಿಯಾರ ಒಂದು ಗಂಟೆ ಹಿಂದಿಟ್ಟು 55.2 ಹೊಡೆದು ನೋಡಿ.